ಕೆಂಪಾದ ಸಿ ಡ್ರೈವ್: ಗಂಗಾವತಿಯ ಒಂದು ಫೋಟೋ ಸ್ಟುಡಿಯೋದ ಪ್ರಕರಣ

2025ರ ನವೆಂಬರ್. ತುಳಸಿ ಲಗ್ನ ಮುಗಿದು ಮದುವೆ ಮುಹೂರ್ತಗಳು ಶುರುವಾಗಿದ್ದವು. ಗಂಗಾವತಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಆಲ್ಬಮ್ ಹಾಳೆ ಜೋಡಿಸುತ್ತಿದ್ದಾಗ ಫೋಟೋಶಾಪ್ ನಿಂತುಬಿಟ್ಟಿತು. ಸ್ಕ್ರ್ಯಾಚ್ ಡಿಸ್ಕ್ (ಫೋಟೋಶಾಪ್ ತಾತ್ಕಾಲಿಕವಾಗಿ ಬರೆದುಕೊಳ್ಳುವ ಜಾಗ) ತುಂಬಿದೆ, ಕೆಲಸ ಮುಂದುವರಿಯದು ಎಂಬ ಸಂದೇಶ. ಸೇವ್ ಮಾಡಲು ಹೋದರೆ ಅದೂ ಇಲ್ಲ. 'ದಿಸ್ ಪಿಸಿ' ತೆರೆದು ನೋಡಿದರೆ ಸಿ ಡ್ರೈವ್‌ನ ಪಟ್ಟಿ ಪೂರ್ತಿ ಕೆಂಪು, ಉಳಿದದ್ದು ಸುಮಾರು 3 ಜಿಬಿ.

ಸ್ಟುಡಿಯೋದಲ್ಲಿ ಇರುವುದು ಒಂದೇ ಕಂಪ್ಯೂಟರ್. ಪಾಸ್‌ಪೋರ್ಟ್ ಫೋಟೋ, ಆಲ್ಬಮ್ ಡಿಸೈನ್, ಮದುವೆ ವಿಡಿಯೋ ಎಡಿಟಿಂಗ್, ಗಿರಾಕಿಗಳ ಜೊತೆ ವಾಟ್ಸಾಪ್ ಎಲ್ಲವೂ ಅದರಲ್ಲೇ. 32 ಜಿಬಿ ರ‍್ಯಾಮ್, ವಿಂಡೋಸ್ ಇರುವ 500 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಇದೇ ಸಿ ಡ್ರೈವ್), ಫೋಟೋ ತುಂಬಿಡಲು 2 ಟಿಬಿ ಹಾರ್ಡ್‌ಡಿಸ್ಕ್ (ಇದು ಡಿ ಡ್ರೈವ್). ಕೊಳ್ಳುವಾಗ 500 ಜಿಬಿ ಅಂದದ್ದು ವಿಂಡೋಸ್‌ನಲ್ಲಿ 465 ಎಂದೇ ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. "35 ಜಿಬಿ ಎಲ್ಲಿ ಹೋತು" ಎಂದು ಮಾಲೀಕರು ಅಂಗಡಿಯವನ ಜೊತೆ ಹಿಂದೊಮ್ಮೆ ಜಗಳ ಆಡಿದ್ದರಂತೆ. ಅದು ಎಲ್ಲೂ ಹೋಗಿಲ್ಲ.

ಕಂಪ್ಯೂಟರ್ ನೋಡಲು ನಾನು ಹೋಗುವಷ್ಟರಲ್ಲಿ ಮಾಲೀಕರು ಒಂದು ತೀರ್ಮಾನಕ್ಕೆ ಬಂದಿದ್ದರು.

"ತಮ್ಮಾ, 2021, 22ರ ಮದುವಿ ಎಲ್ಲಾ ತೆಗದ್ ಬಿಡೋಣು. ಅವರಿಗೆ ಆಲ್ಬಮ್ಮೂ ಕೊಟ್ಟೀವಿ, ಪೆನ್‌ಡ್ರೈವೂ ಕೊಟ್ಟೀವಿ. ಇನ್ನ್ಯಾಕ ಇಟ್ಕೊಂಡ ಕುಂದರೂದು?"

"ಅಣ್ಣಾರ, ಆ ಮದುವಿ ಇರೂದು ಡಿ ಡ್ರೈವ್‌ನಾಗ. ತುಂಬಿದ್ದು ಸಿ. ಪಕ್ಕದ ಮನಿ ಕಣಜ ಖಾಲಿ ಮಾಡಿದ್ರ ನಮ್ಮನಿ ಕಣಜದಾಗ ಜಾಗ ಆಗ್ತೈತೇನ್ರಿ?"

ಜಾಗ ಬೇಕೆಂದಾಗ ಜನ ಮೊದಲು ಕೈ ಹಾಕುವುದು ಕಣ್ಣಿಗೆ ಕಾಣುವ ದೊಡ್ಡ ಫೋಲ್ಡರ್‌ಗೆ. ಸ್ಟುಡಿಯೋದಲ್ಲಿ ಅದು ಹಳೆಯ ಮದುವೆಗಳ ಫೋಲ್ಡರ್, ಮನೆಯಲ್ಲಾದರೆ ಮಕ್ಕಳ ಫೋಟೋ. ಆದರೆ ಒಂದು ಡಿಸ್ಕ್‌ನಲ್ಲಿ ಎರಡು ಜಾತಿಯ ಫೈಲ್ ಇರುತ್ತವೆ. ಯಂತ್ರವೇ ತಯಾರಿಸಿಕೊಂಡದ್ದು ಒಂದು. ಅಳಿಸಿದರೂ ಬೇಕಾದಾಗ ಅದೇ ಮತ್ತೆ ತಯಾರಿಸಿಕೊಳ್ಳುತ್ತದೆ. ಕ್ಯಾಮೆರಾದಿಂದ ಬಂದದ್ದು ಇನ್ನೊಂದು. ಅದನ್ನು ಯಾರೂ ಮತ್ತೆ ತಯಾರಿಸಲಾರರು. ಮೊದಲನೆಯದು ಪೂರ್ತಿ ಖಾಲಿಯಾಗುವವರೆಗೆ ಎರಡನೆಯದನ್ನು ಮುಟ್ಟಬಾರದು ಎಂಬುದು ನನ್ನ ಹಟ. ಈ ಪ್ರಕರಣದಲ್ಲಿ ಎರಡನೆಯದನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ.

ಹಳೆಯ ಮದುವೆ ಫೋಟೋ ಬಗ್ಗೆ ಇನ್ನೊಂದು ಮಾತು. ಈ ಕಡೆ ಸ್ಟುಡಿಯೋ ನಡೆಸುವವರಿಗೆ ಇದು ಗೊತ್ತಿರುವಂಥದ್ದೇ. ಮದುವೆಯಾಗಿ ಮೂರ್ನಾಲ್ಕು ವರ್ಷದ ಮೇಲೆ ಯಾರೋ ಬರುತ್ತಾರೆ. ಮನೆಯ ಹಿರಿಯರು ತೀರಿಕೊಂಡಿರುತ್ತಾರೆ, ಗೋಡೆಗೆ ಹಾಕಲು ಅವರದೊಂದು ಫೋಟೋ ಇರುವುದಿಲ್ಲ. "ಮೊಮ್ಮಗನ ಮದುವ್ಯಾಗ ಕುಂತಿದ್ದರಲ್ಲ, ಅದರಾಗಿಂದ ತೆಗದ್ ಕೊಡ್ರಿ" ಅನ್ನುತ್ತಾರೆ. ಕೊಟ್ಟ ಪೆನ್‌ಡ್ರೈವ್ ಅಷ್ಟರಲ್ಲಿ ಕಳೆದಿರುತ್ತದೆ, ಇಲ್ಲವೇ ಅದರಲ್ಲಿ ಹಾಡು ತುಂಬಿ ಟ್ರ್ಯಾಕ್ಟರ್‌ಗೆ ಹಾಕಿಕೊಂಡಿರುತ್ತಾರೆ. ಆಲ್ಬಮ್ ಫೋಟೋವನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿದರೆ ಮುಖ ಒಡೆಯುತ್ತದೆ. ಕ್ಯಾಮೆರಾದ ಮೂಲ ಫೈಲ್‌ನಿಂದ ಮಾತ್ರ ಆಗುವ ಕೆಲಸ ಅದು. ಇದನ್ನು ನೆನಪಿಸಿದ ಮೇಲೆ ಮಾಲೀಕರು ಡಿಲೀಟ್ ಮಾತು ಬಿಟ್ಟರು.

ಮೊದಲು ಅಳತೆ

ಸಿ ಡ್ರೈವ್ ತೆರೆದು ಎಲ್ಲ ಫೋಲ್ಡರ್ ಆಯ್ದು ಪ್ರಾಪರ್ಟೀಸ್ ನೋಡುವುದು ರೂಢಿ. ಅದರಲ್ಲಿ ಅಡಗಿಸಿಟ್ಟ ಫೋಲ್ಡರ್‌ಗಳು ಲೆಕ್ಕಕ್ಕೆ ಬರುವುದಿಲ್ಲ, ಅನುಮತಿ ಇಲ್ಲದ ಫೋಲ್ಡರ್‌ಗಳೂ ಬರುವುದಿಲ್ಲ. ಅಲ್ಲಿ 300 ಚಿಲ್ಲರೆ ಜಿಬಿ ಎಂದು ತೋರಿಸಿ, ಹೊರಗೆ 462 ಜಿಬಿ ಬಳಕೆಯಾಗಿದೆ ಎಂದರೆ ಗೊಂದಲವಾಗದೆ ಇರುತ್ತದೆಯೇ. ಅದಕ್ಕೇ ವಿಝ್‌ಟ್ರೀ ಎಂಬ ಸಣ್ಣ ಸಾಫ್ಟ್‌ವೇರ್ ಹಾಕಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದೆ. ಅದು ಫೋಲ್ಡರ್‌ಗಳನ್ನು ಒಂದೊಂದಾಗಿ ಹೊಕ್ಕು ನೋಡುವುದಿಲ್ಲ, ಡಿಸ್ಕ್‌ನ ಸೂಚಿ ಪಟ್ಟಿಯನ್ನೇ ನೇರ ಓದುತ್ತದೆ. ಕೆಲವೇ ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ. ಹೊಸದೇನೂ ಹಾಕಲು ಇಷ್ಟವಿಲ್ಲದವರಿಗೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್ ಇದೆ. ಅಷ್ಟು ವಿವರ ಸಿಗದಿದ್ದರೂ ದಿಕ್ಕು ತೋರಿಸುತ್ತದೆ.

ಪಟ್ಟಿ ಬಂದಾಗ ಮಾಲೀಕರಿಗಿಂತ ಹೆಚ್ಚು ಬೆರಗಾದವನು ಅಲ್ಲಿ ಎಡಿಟಿಂಗ್ ಮಾಡುವ ಹುಡುಗ. ಎಲ್ಲಕ್ಕಿಂತ ಮೇಲೆ ಇದ್ದದ್ದು ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಮೀಡಿಯಾ ಕ್ಯಾಶ್, 118 ಜಿಬಿ. ಅದರ ಕೆಳಗೆ ಡೆಸ್ಕ್‌ಟಾಪ್, 92. ಬಿಟ್ಟುಹೋದ ಫೋಟೋಶಾಪ್ ಟೆಂಪ್ ಫೈಲ್‌ಗಳು 41, ಡೌನ್‌ಲೋಡ್ಸ್ 31, ರೀಸೈಕಲ್ ಬಿನ್ 27, ವಿಂಡೋಸ್ ಡಾಟ್ ಓಲ್ಡ್ 22, ವಾಟ್ಸಾಪ್ 16, ಹೈಬರ್ನೇಶನ್ ಫೈಲ್ ಹೆಚ್ಚುಕಡಿಮೆ 13. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗಳೆಲ್ಲ ಸೇರಿ 70 ಜಿಬಿ ಮುಟ್ಟಿರಲಿಲ್ಲ.

"ಡೆಸ್ಕ್‌ಟಾಪ್ ಸಿ ಡ್ರೈವ್‌ನಾಗ ಬರ್ತೈತೇನ್ ಸರ್?" ಎಂದು ಹುಡುಗ ಕೇಳಿದ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಪರದೆಯ ಮೇಲೆ ಇಟ್ಟದ್ದು ಪರದೆಯ ಮೇಲೇ ಇರುತ್ತದೆ ಎಂಬ ಭಾವನೆ. ಅದು ಸಿ ಡ್ರೈವ್‌ನಲ್ಲಿ, ಬಳಕೆದಾರನ ಹೆಸರಿನಡಿ ಇರುವ ಒಂದು ಫೋಲ್ಡರ್ ಅಷ್ಟೆ. ನಡೆಯುತ್ತಿರುವ ಮದುವೆಗಳ ಕ್ಯಾಮೆರಾ ಕಾರ್ಡನ್ನೆಲ್ಲ ಅಲ್ಲೇ ಕಾಪಿ ಮಾಡುತ್ತಿದ್ದರು. 100 ಎಂಬಿಪಿಎಸ್‌ನಲ್ಲಿ ತೆಗೆದ 4ಕೆ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ ಇಟ್ಟ ಒಂದು ಮದುವೆ, ಜೊತೆಗೆ ಸಾಣಾಪುರ ಕೆರೆ ದಂಡೆಯ ಪ್ರೀವೆಡ್ಡಿಂಗ್ ಶೂಟ್ ಇದ್ದರೆ ಡೆಸ್ಕ್‌ಟಾಪ್ ತುಂಬಲು ಮತ್ತೇನು ಬೇಕು.

ಯಂತ್ರ ಮಾಡಿಕೊಂಡ ರಾಶಿ

ಮೀಡಿಯಾ ಕ್ಯಾಶ್ ಎಂದರೇನು ಎಂದು ತಿಳಿದ ಮೇಲೇ ಅಳಿಸಬೇಕು, ಇಲ್ಲದಿದ್ದರೆ ಧೈರ್ಯ ಬರುವುದಿಲ್ಲ. ವಿಡಿಯೋ ಒಂದನ್ನು ಪ್ರಾಜೆಕ್ಟ್‌ಗೆ ತಂದಾಗ ಪ್ರೀಮಿಯರ್ ಅದರ ಧ್ವನಿಯನ್ನು ತನಗೆ ಅನುಕೂಲವಾದ ರೂಪದಲ್ಲಿ ಬಿಚ್ಚಿ ಇಟ್ಟುಕೊಳ್ಳುತ್ತದೆ, ಟೈಮ್‌ಲೈನ್‌ನಲ್ಲಿ ಕಾಣುವ ಅಲೆಗಳಿಗೆ ಬೇರೆ ಫೈಲ್ ಮಾಡುತ್ತದೆ. ಇದೆಲ್ಲ ಹೋಗಿ ಕೂರುವುದು ಸಿ ಡ್ರೈವ್‌ನ ಅಡಗಿಸಿಟ್ಟ ಆಪ್‌ಡೇಟಾ ಫೋಲ್ಡರ್‌ನಲ್ಲಿ. ಮದುವೆ ಮುಗಿದು, ವಿಡಿಯೋ ಕೊಟ್ಟು, ಪ್ರಾಜೆಕ್ಟನ್ನೇ ಅಳಿಸಿದರೂ ಕ್ಯಾಶ್ ತಾನಾಗಿ ಹೋಗುವುದಿಲ್ಲ, ಹಾಗೆ ಹೋಗು ಎಂದು ನಾವು ಹೇಳಿರದಿದ್ದರೆ. ಇಲ್ಲಿ ಯಾರೂ ಹೇಳಿರಲಿಲ್ಲ. ವರ್ಷಗಟ್ಟಲೆ ಮುಗಿದ ಮದುವೆಗಳ ಧ್ವನಿ ಅಲ್ಲೇ ಬಿದ್ದಿತ್ತು.

ಫೋಲ್ಡರ್ ಹುಡುಕಿ ಕೈಯಿಂದ ಅಳಿಸಲಿಲ್ಲ. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ಎಂಬ ಪುಟ ಇದೆ, ಅಲ್ಲಿಂದಲೇ ತೆಗೆದದ್ದು. ಅದೇ ಪುಟದಲ್ಲಿ ಇಷ್ಟು ದಿನಕ್ಕಿಂತ ಹಳೆಯದನ್ನು ತಾನಾಗಿ ಅಳಿಸು ಎಂಬ ಆಯ್ಕೆಯೂ ಇದೆ, 30 ದಿನಕ್ಕೆ ಇಟ್ಟೆ. ಕ್ಯಾಶ್‌ನ ಜಾಗವನ್ನೇ ಡಿ ಡ್ರೈವ್‌ಗೆ ಬದಲಿಸಬಹುದಿತ್ತು. ಬದಲಿಸಲಿಲ್ಲ, ಏಕೆಂದರೆ ಡಿ ತಿರುಗುವ ಹಾರ್ಡ್‌ಡಿಸ್ಕ್, ಕ್ಯಾಶ್ ಅಲ್ಲಿಗೆ ಹೋದರೆ ಟೈಮ್‌ಲೈನ್ ಕುಂಟುತ್ತದೆ. ಒಂದನ್ನು ಮಾತ್ರ ಹುಡುಗನಿಗೆ ಒತ್ತಿ ಹೇಳಿದೆ: ಪ್ರಾಜೆಕ್ಟ್ ಪಕ್ಕದಲ್ಲಿ ಕಾಣುವ ಆಟೋ ಸೇವ್ ಫೋಲ್ಡರನ್ನು ಕ್ಯಾಶ್ ಎಂದುಕೊಂಡು ಅಳಿಸಬೇಡ. ಅದು ತಿನ್ನುವುದು ಬಹಳ ಕಮ್ಮಿ ಜಾಗ, ಪ್ರಾಜೆಕ್ಟ್ ಕೆಟ್ಟ ದಿನ ಬದುಕಿಸುವುದು ಅದೇ.

ಫೋಟೋಶಾಪ್‌ನ 41 ಜಿಬಿಯ ಕಥೆಯಲ್ಲಿ ಕರೆಂಟ್ ಬರುತ್ತದೆ. ಆಲ್ಬಮ್‌ನ ಒಂದು ಹರವು 12 ಇಂಚು ಎತ್ತರ, 36 ಇಂಚು ಅಗಲ. 300 ಡಿಪಿಐ ಲೆಕ್ಕದಲ್ಲಿ ಅದು 3600 ಗುಣಿಸು 10800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಒಂದು ಪೂರ್ತಿ ಪದರಕ್ಕೇ 110 ಎಂಬಿ ದಾಟುತ್ತದೆ. ಹಿನ್ನೆಲೆ, ಹೂವು, ಚೌಕಟ್ಟು, ಆರೇಳು ಫೋಟೋ, ಜೊತೆಗೆ ಹಿಂದಕ್ಕೆ ಹೋಗಲು ಕಾದಿಡುವ ಹಂತಗಳು. ಇಂಥ ಹಾಳೆ ನಾಲ್ಕೈದು ಒಟ್ಟಿಗೆ ತೆರೆದರೆ ರ‍್ಯಾಮ್ ಸಾಲದೆ ಫೋಟೋಶಾಪ್ ಡಿಸ್ಕ್‌ಗೆ ಬರೆಯಲು ಶುರುಮಾಡುತ್ತದೆ. ಅದಕ್ಕೇ ಸ್ಕ್ರ್ಯಾಚ್ ಎನ್ನುವುದು, ನಾವು ಬದಲಿಸದಿದ್ದರೆ ಅದು ಸಿ ಡ್ರೈವೇ. ಸರಿಯಾಗಿ ಮುಚ್ಚಿದರೆ ಆ ಫೈಲ್‌ಗಳನ್ನು ಫೋಟೋಶಾಪ್ ತಾನೇ ಅಳಿಸಿ ಹೋಗುತ್ತದೆ. ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಎರಡು ನಿಮಿಷಕ್ಕೆ ಕೈಕೊಟ್ಟು, ಕಂಪ್ಯೂಟರ್ ಧಪ್ ಎಂದು ಆರಿದರೆ ಅಳಿಸುವವರು ಯಾರು? ಟೆಂಪ್ ಫೋಲ್ಡರ್‌ನಲ್ಲಿ 'ಫೋಟೋಶಾಪ್ ಟೆಂಪ್' ಎಂದು ಶುರುವಾಗಿ ಉದ್ದ ಅಂಕಿಯಲ್ಲಿ ಮುಗಿಯುವ ಹೆಸರುಗಳ ಸಾಲೇ ಇತ್ತು. ಫೋಟೋಶಾಪ್ ಮುಚ್ಚಿ ಎಲ್ಲವನ್ನೂ ತೆಗೆದೆವು. ಯುಪಿಎಸ್ ಬ್ಯಾಟರಿ ಬದಲಿಸಿ ಎಂದದ್ದು ಸ್ಟೋರೇಜ್ ಸಲಹೆಯಂತೆ ಅವರಿಗೆ ಕೇಳಿಸಲಿಲ್ಲ. ನನ್ನ ಮಟ್ಟಿಗೆ ಅದು ಸ್ಟೋರೇಜ್ ಸಲಹೆಯೇ.

ಹೈಬರ್ನೇಶನ್ ಬೇಗ ಮುಗಿಯಿತು. ಕಂಪ್ಯೂಟರ್ ಆರಿಸುವಾಗ ರ‍್ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕ್‌ನಲ್ಲಿ ಬರೆದಿಡಲು ವಿಂಡೋಸ್ ಒಂದು ಫೈಲ್ ಕಾದಿರಿಸುತ್ತದೆ, ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು. 32ಕ್ಕೆ 12.8 ಜಿಬಿ. ಟೇಬಲ್ ಮೇಲಿನ ಕಂಪ್ಯೂಟರ್‌ಗೆ ಅದರ ಅಗತ್ಯವಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆದೇಶದಿಂದ ಹೈಬರ್ನೇಶನ್ ಆಫ್ ಮಾಡಿದರೆ ಫೈಲ್ ಆ ಕ್ಷಣವೇ ಹೋಗುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಎಸ್‌ಎಸ್‌ಡಿ ಇದ್ದಲ್ಲಿ ಅದರ ಕೊರತೆ ಅಷ್ಟಾಗಿ ಕಾಣದು. ಲ್ಯಾಪ್‌ಟಾಪ್ ಆಗಿದ್ದರೆ ನಾನು ಇದನ್ನು ಮಾಡುತ್ತಿರಲಿಲ್ಲ. ಬ್ಯಾಟರಿ ಮುಗಿಯುವಾಗ ಕೆಲಸ ಉಳಿಸುವುದು ಅದೇ.

ವಿಂಡೋಸ್ ಡಾಟ್ ಓಲ್ಡ್ ಬಗ್ಗೆ ಅವಸರ ಮಾಡಲಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಇವರೂ ಕೆಲವೇ ದಿನದ ಹಿಂದೆ 11ಕ್ಕೆ ಏರಿದ್ದರು. ಏರಿದ ಮೇಲೆ 10 ದಿನದವರೆಗೆ ಹಿಂದಿರುಗಲು ದಾರಿ ಇರುತ್ತದೆ, ಆ ದಾರಿಯೇ ಈ ಫೋಲ್ಡರ್. ಅವಧಿ ಮುಗಿದರೆ ವಿಂಡೋಸ್ ತಾನೇ ಅಳಿಸುತ್ತದೆ. ಪಾಸ್‌ಪೋರ್ಟ್ ಫೋಟೋ ತೆಗೆಯುವ ಹಳೆಯ ಪ್ರಿಂಟರ್ ಹೊಸ ವಿಂಡೋಸ್‌ನಲ್ಲಿ ಓಡುತ್ತದೋ ಇಲ್ಲವೋ ಎಂದು ಮೊದಲು ಪ್ರಿಂಟ್ ತೆಗೆಸಿ ನೋಡಿದೆ. ಬಣ್ಣ ಸರಿ ಬಂತು, ಕಾರ್ಡ್ ರೀಡರೂ ಓದಿತು. ಆಮೇಲೆ ಸ್ಟೋರೇಜ್ ಪುಟದ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಹಿಂದಿನ ವಿಂಡೋಸ್‌ಗೆ ಟಿಕ್ ಹಾಕಿ ತೆಗೆದೆ. ಆ ಪಟ್ಟಿಯಲ್ಲೇ ಡೌನ್‌ಲೋಡ್ಸ್ ಎಂಬ ಸಾಲೂ ಇದೆ. ಎಲ್ಲಕ್ಕೂ ಒಂದೇ ಉಸಿರಿಗೆ ಟಿಕ್ ಹಾಕುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಟಿಕ್ ಹಾಕದೆ ಬಿಟ್ಟ ಡೌನ್‌ಲೋಡ್ಸ್‌ನಲ್ಲಿ ಆಲ್ಬಮ್ ಹಿನ್ನೆಲೆಗಳ ಜಿಪ್‌ಗಳು, ಪಕ್ಕದಲ್ಲೇ ಅವನ್ನು ಬಿಚ್ಚಿದ ಫೋಲ್ಡರ್‌ಗಳು. ಎರಡೂ ಏಕೆ ಬೇಕು? ಬೇಡದ್ದನ್ನು ತೆಗೆದ ಮೇಲೆ ಬಳಸುವ 9 ಜಿಬಿ ಮಾತ್ರ ಉಳಿಯಿತು.

ಹುಡುಗನ ಎರಡು ಉಪಾಯಗಳು

ಹುಡುಗ ಚುರುಕು. ಜಾಗ ಉಳಿಸಲೆಂದೇ ಡಿ ಡ್ರೈವ್‌ನಲ್ಲಿ ಹಳೆಯ ಮದುವೆಗಳನ್ನೆಲ್ಲ ಜಿಪ್ ಮಾಡಿಟ್ಟಿದ್ದ. ಮೂಲ ಫೋಲ್ಡರನ್ನು ಅಳಿಸಲು ಧೈರ್ಯ ಸಾಲದೆ ಅದನ್ನೂ ಇಟ್ಟಿದ್ದ. ಜೆಪೆಗ್, ಎಂಪಿ4 ಎರಡೂ ಮೊದಲೇ ಹಿಂಡಿ ಇಟ್ಟ ಫೈಲ್‌ಗಳು. ಜಿಪ್ ಅವುಗಳಿಂದ ಮತ್ತೆ ಹಿಂಡುವುದಕ್ಕೆ ಏನೂ ಇರುವುದಿಲ್ಲ. ಉಳಿತಾಯ ಹೋಗಲಿ, ಡಿ ಡ್ರೈವ್‌ನ 110 ಜಿಬಿ ಇದಕ್ಕೇ ಹೋಗಿತ್ತು. ಫೈಲ್‌ಗಳ ಸಂಖ್ಯೆ, ಗಾತ್ರ ತಾಳೆ ನೋಡಿ ಜಿಪ್‌ಗಳನ್ನು ಅಳಿಸಿ ಮೂಲ ಉಳಿಸಿದೆವು. ಅಲ್ಲೇ ಮುಗಿದ ಪ್ರಾಜೆಕ್ಟ್‌ಗಳ ವಿಡಿಯೋ ಪ್ರಿವ್ಯೂ ಫೋಲ್ಡರ್‌ಗಳೂ ಸಿಕ್ಕವು, 140 ಜಿಬಿ. ಅವೂ ಯಂತ್ರ ಮಾಡಿಕೊಂಡವೇ, ಕ್ಯಾಶ್‌ನಂತೆ ಸಿ ಡ್ರೈವ್‌ಗೆ ಹೋಗದೆ ಪ್ರಾಜೆಕ್ಟ್ ಪಕ್ಕದಲ್ಲೇ ಕೂರುತ್ತವೆ.

ಎರಡನೆಯ ಉಪಾಯವನ್ನು ಅವನು ಇನ್ನೂ ಮಾಡಿರಲಿಲ್ಲ, ಪುಣ್ಯ. ಒಂದೇ ಹೆಸರಿನ ಫೈಲ್‌ಗಳನ್ನು ಹುಡುಕಿ ಒಂದನ್ನು ಮಾತ್ರ ಉಳಿಸುವ ಸಾಫ್ಟ್‌ವೇರ್ ಇಳಿಸಿಕೊಂಡಿದ್ದ. "ಸರ್, ಡಿಎಸ್‌ಸಿ 0001 ಅಂತ ಹತ್ತಾರು ಫೋಲ್ಡರ್‌ನಾಗ ಐತ್ರಿ, ಎಲ್ಲಾ ಡುಪ್ಲಿಕೇಟ್." ಕ್ಯಾಮೆರಾ 9999ರ ತನಕ ಎಣಿಸಿ ಮತ್ತೆ 0001ಕ್ಕೆ ಬರುತ್ತದೆ. ಇನ್ನೊಂದು ಕ್ಯಾಮೆರಾ ತನ್ನ ಲೆಕ್ಕ ತಾನು ಇಟ್ಟುಕೊಳ್ಳುತ್ತದೆ. ಹೆಸರು ಒಂದೇ ಆಗಿದ್ದರೂ ಒಂದು ಫೋಟೋ ಕಾರಟಗಿಯ ಮದುವೆಯದು, ಇನ್ನೊಂದು ಕನಕಗಿರಿಯ ಗೃಹಪ್ರವೇಶದ್ದು. ಎರಡನ್ನೂ ತೆರೆದು ತೋರಿಸಿದಾಗ ಅವನ ಮುಖ ಸಣ್ಣದಾಯಿತು. ಡುಪ್ಲಿಕೇಟ್ ಹುಡುಕುವುದೇ ಆದರೆ ಹೆಸರಿನಿಂದಲ್ಲ, ಒಳಗಿನ ಹೂರಣದಿಂದ, ಹ್ಯಾಶ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಹೋಲಿಸುವ ಸಾಫ್ಟ್‌ವೇರ್‌ನಿಂದ ಹುಡುಕಬೇಕು. ಆಗಲೂ ಅಳಿಸುವ ಮುನ್ನ ಕಣ್ಣಾಡಿಸಬೇಕು.

ರೀಸೈಕಲ್ ಬಿನ್ ಕೂಡ ಹಾಗೆ ಕಣ್ಣುಮುಚ್ಚಿ ಖಾಲಿ ಮಾಡುವಂಥದ್ದಲ್ಲ. ಪ್ರತಿ ಡ್ರೈವ್‌ಗೂ ತನ್ನದೇ ಬಿನ್ ಇರುತ್ತದೆ, ಪರದೆಯ ಮೇಲಿನ ಚಿತ್ರ ಒಂದೇ. ಖಾಲಿ ಮಾಡು ಅಂದರೆ ಎಲ್ಲ ಡ್ರೈವ್‌ನದೂ ಹೋಗುತ್ತದೆ. ಅಳಿಸಿದ ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಆ ವಾರದ್ದೇ ಮದುವೆಯೊಂದರ ಅರಿಶಿಣ ಶಾಸ್ತ್ರದ ಫೋಲ್ಡರ್ ಸಿಕ್ಕಿತು, 4 ಜಿಬಿ. ಯಾರು ಹಾಕಿದ್ದು ಎಂಬ ಪ್ರಶ್ನೆಗೆ ಇಬ್ಬರೂ ಉತ್ತರ ಕೊಡಲಿಲ್ಲ, ನಾನೂ ಕೆದಕಲಿಲ್ಲ. ಅದನ್ನು ವಾಪಸ್ ಹಾಕಿ ಉಳಿದದ್ದನ್ನು ಖಾಲಿ ಮಾಡಿದೆವು. ಎಸ್‌ಎಸ್‌ಡಿಯಲ್ಲಿ ಒಮ್ಮೆ ಹೋದರೆ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗ ತೊಳೆದುಬಿಡುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ಎತ್ತಿದಂತೆ ಇಲ್ಲಿ ಎತ್ತಲು ಬಹುತೇಕ ಆಗುವುದಿಲ್ಲ.

ಮುಟ್ಟದೆ ಬಿಟ್ಟವೂ ಇವೆ. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ನೋಡಲು ದೈತ್ಯ, ಆದರೆ ಅದರಲ್ಲಿನ ಬಹಳಷ್ಟು ಫೈಲ್‌ಗಳು ಬೇರೆ ಕಡೆಯೂ ಕಾಣುವ ಅದೇ ಫೈಲ್‌ಗಳು, ಲೆಕ್ಕದಲ್ಲಿ ಎರಡು ಸಲ ಬರುತ್ತವೆ. ಕೈಯಿಂದ ಅಳಿಸಿದರೆ ವಿಂಡೋಸ್ ಏಳದೇ ಇರಬಹುದು. ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಪೇಜ್ ಫೈಲನ್ನೂ ಬಿಟ್ಟೆ. ಒಂದೇ ಒತ್ತಿಗೆ ಪಿಸಿ ಸ್ವಚ್ಛ ಮಾಡುತ್ತೇವೆ ಎನ್ನುವ ಕ್ಲೀನರ್‌ಗಳನ್ನು ನಾನು ಯಾರ ಕಂಪ್ಯೂಟರ್‌ಗೂ ಹಾಕುವುದಿಲ್ಲ.

ಡೆಸ್ಕ್‌ಟಾಪ್ ಸ್ಥಳಾಂತರ

ಉಳಿದದ್ದು ಡೆಸ್ಕ್‌ಟಾಪ್‌ನ 92 ಜಿಬಿ. ಇದು ಕ್ಯಾಮೆರಾದ್ದು, ಅಳಿಸುವಂತಿಲ್ಲ, ಸಾಗಿಸಬೇಕು. ಇಲ್ಲಿ ಒಂದು ತೊಡಕು ಎದುರಾಯಿತು. ಡೆಸ್ಕ್‌ಟಾಪ್ ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ವನ್‌ಡ್ರೈವ್‌ಗೆ ಜೋಡಣೆಯಾಗಿತ್ತು. ಉಚಿತ ಖಾತೆಗೆ ಸಿಗುವುದು 5 ಜಿಬಿ. ಅದು ಯಾವಾಗಲೋ ತುಂಬಿ, ಹೊಸ ಫೈಲ್‌ಗಳು ಮೇಲಕ್ಕೆ ಹೋಗುವುದು ನಿಂತಿತ್ತು. ಮೂಲೆಯಲ್ಲಿ ಬರುತ್ತಿದ್ದ ಎಚ್ಚರಿಕೆಯನ್ನು ಇಬ್ಬರೂ ದಿನವೂ ಮುಚ್ಚುತ್ತಿದ್ದರು. 'ಕ್ಲೌಡ್‌ನಲ್ಲಿ ಇದೆಯಲ್ಲ' ಎಂಬ ನೆಮ್ಮದಿಯಲ್ಲಿ ಇದ್ದವರಿಗೆ ಅಲ್ಲಿ ಈ ಸೀಸನ್ನಿನ ಒಂದು ಮದುವೆಯೂ ಇರಲಿಲ್ಲ. ಇನ್ನೊಂದು ಅಪಾಯವೂ ಇದರಲ್ಲಿದೆ. ಜೋಡಣೆಯಾದ ಫೋಲ್ಡರ್‌ನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ. ಅದು ಕನ್ನಡಿ, ಬ್ಯಾಕಪ್ ಅಲ್ಲ.

ವನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಡೆಸ್ಕ್‌ಟಾಪ್ ಬ್ಯಾಕಪ್ ನಿಲ್ಲಿಸಿದ ಕೂಡಲೇ ಪರದೆ ಬರಿದಾಯಿತು. ಒಂದೇ ಒಂದು ಶಾರ್ಟ್‌ಕಟ್ ಉಳಿಯಿತು, ನಿಮ್ಮ ಫೈಲ್‌ಗಳು ಎಲ್ಲಿವೆ ಎಂದು ತೋರಿಸುವಂಥದ್ದು. "ಅಯ್ಯೋ ಶಿವನ, ಎಲ್ಲಾ ಹೋತಲ್ಲೋ ತಮ್ಮಾ!" ಎಂದು ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು. ಫೈಲ್‌ಗಳು ವನ್‌ಡ್ರೈವ್ ಫೋಲ್ಡರ್ ಒಳಗಿನ ಡೆಸ್ಕ್‌ಟಾಪ್‌ನಲ್ಲಿ ಹಾಗೇ ಇದ್ದವು. ಅಲ್ಲಿಂದ ಡಿ ಡ್ರೈವ್‌ಗೆ ಕಟ್ ಮಾಡದೆ ಕಾಪಿ ಮಾಡಿ, ಸಂಖ್ಯೆ ಮತ್ತು ಗಾತ್ರ ತಾಳೆ ನೋಡಿ, ನಡುನಡುವೆ ಕೆಲವು ವಿಡಿಯೋ ಓಡಿಸಿ ನೋಡಿ, ಆಮೇಲೆ ಸಿ ಡ್ರೈವ್‌ನಲ್ಲಿ ಇದ್ದದ್ದನ್ನು ತೆಗೆದೆವು.

ಸಂಜೆ ಹೊತ್ತಿಗೆ ಸಿ ಡ್ರೈವ್‌ನಲ್ಲಿ 330 ಜಿಬಿ ಹತ್ತಿರ ಖಾಲಿ ಇತ್ತು. ಮೊದಲು 60 ಜಿಬಿ ಇದ್ದ ಡಿ ಡ್ರೈವ್‌ನಲ್ಲಿ, ಹೊಸ ಹೊರೆ ಹೊತ್ತ ಮೇಲೂ, 200 ದಾಟಿತ್ತು. ಕ್ಯಾಮೆರಾದಿಂದ ಬಂದ ಫೈಲ್ ಒಂದೂ ಹೋಗಿರಲಿಲ್ಲ.

ಬೆಲೆ ಕಟ್ಟಬೇಕಾದದ್ದು ಮರುದಿನ. ನಡೆಯುತ್ತಿದ್ದ ಪ್ರಾಜೆಕ್ಟ್ ತೆರೆದರೆ ಎಲ್ಲ ಕ್ಲಿಪ್‌ಗಳೂ ಕೆಂಪು, ಮೀಡಿಯಾ ಆಫ್‌ಲೈನ್. ಪ್ರೀಮಿಯರ್ ವಿಡಿಯೋವನ್ನು ಪ್ರಾಜೆಕ್ಟ್ ಒಳಗೆ ಇಟ್ಟುಕೊಳ್ಳುವುದಿಲ್ಲ, ಅದರ ವಿಳಾಸ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ವಿಳಾಸ ಬದಲಾಗಿತ್ತು. ಮೊದಲ ಕ್ಲಿಪ್‌ಗೆ ಹೊಸ ಜಾಗ ತೋರಿಸಿದರೆ ಅದೇ ಸಾಲಿನ ಉಳಿದವನ್ನು ತಾನೇ ಹುಡುಕಿಕೊಳ್ಳುತ್ತದೆ; ಫೋನ್‌ನಲ್ಲೇ ಹುಡುಗನಿಗೆ ಹೇಳಿದೆ, ಮಾಡಿಕೊಂಡ. ಕ್ಯಾಶ್ ಇಲ್ಲದ್ದರಿಂದ ಮೊದಲ ಸಲ ತೆರೆಯಲು ಹೊತ್ತು ಹಿಡಿಯಿತು.

ಈಗ ಹೊಸ ಮದುವೆ ಎಂದರೆ ಡಿ ಡ್ರೈವ್‌ನಲ್ಲಿ ದಿನಾಂಕ ಮತ್ತು ಊರಿನ ಹೆಸರಿನ ಫೋಲ್ಡರ್, ಅದರೊಳಗೆ ಮೂಲ, ಪ್ರಾಜೆಕ್ಟ್, ಕೊಟ್ಟದ್ದು ಎಂದು ಮೂರು ಭಾಗ. ಡಿ ಡ್ರೈವ್‌ನ ಜಾಗವೂ ಶಾಶ್ವತವಲ್ಲ. ಭತ್ತದ ರೊಕ್ಕ ಕೈಗೆ ಬಂದ ಮೇಲೆ ಗಿರಾಕಿಗಳು ಆಲ್ಬಮ್ ಬಾಕಿ ತೀರಿಸುತ್ತಾರೆ, ಆಗ 4 ಟಿಬಿಯ ಎರಡು ಎಕ್ಸ್‌ಟರ್ನಲ್ ಡಿಸ್ಕ್ ತರುವುದು ಎಂದಾಗಿದೆ. ಒಂದೇ ತಂದು ಮೂಲವನ್ನು ಅದಕ್ಕೆ ಸಾಗಿಸಿದರೆ ಪ್ರತಿ ಒಂದೇ ಉಳಿಯುತ್ತದೆ, ಅದಕ್ಕೇ ಎರಡು. ವಾಟ್ಸಾಪ್‌ನ 16 ಜಿಬಿಯನ್ನು ಮಾಲೀಕರು ಮುಟ್ಟಗೊಡಲಿಲ್ಲ. ಮುಂಗಡ ಎಷ್ಟು, ಹಾಳೆ ಎಷ್ಟು, ಯಾವ ಫೋಟೋ ಮುಖಪುಟಕ್ಕೆ ಎಂಬುದೆಲ್ಲ ಅದರಲ್ಲೇ ಇದೆಯಂತೆ. ಸೀಸನ್ ಮುಗಿದ ಮೇಲೆ ನೋಡೋಣ ಎಂದಿದ್ದಾರೆ.